ಕುರ್ಚಿಯೇರಿದ ಸಬ್‌ವೂಫರ್

"ಮೂರು ದಿನದಿಂದ ನನ್ನ ಕುರ್ಚಿ ಮೇಲೆ ಅದೇ ಕೂತಿರುತ್ತೆ, ಅಕ್ಕಾ," ಎಂದಳು ಮೇಲಿನ ಮನೆಯ ಟೈಲರ್, ನಮ್ಮ ಬಾಗಿಲಲ್ಲೇ ನಿಂತು.

ಅದು ಎಂದರೆ ಅವಳು ಹೊಸದಾಗಿ ಕೊಂಡ ಸಬ್‌ವೂಫರ್. ಹಾಡಿನ ದಪ್ಪ ಸದ್ದನ್ನಷ್ಟೇ ಹೊರಡಿಸುವ, ಹದಿನೆಂಟು ಕಿಲೋ ತೂಗುವ ಪೆಟ್ಟಿಗೆ. ನನ್ನ ಅತ್ತಿಗೆ ಬಿಡಿಸುತ್ತಿದ್ದ ಬಟಾಣಿಯನ್ನು ಪಕ್ಕಕ್ಕಿಟ್ಟರು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ಮೇಲೆ ಕಟ್ಟಡದಲ್ಲಿ ಏನೇ ನಿಗೂಢ ನಡೆದರೂ ಎಲ್ಲರೂ ಬರುತ್ತಿದ್ದುದು ಅವರ ಬಳಿಗೇ. ಅವರಿಗೆ ಭೂತಗನ್ನಡಿ ಎಂದೇ ಹೆಸರು. ಕನ್ನಡಕ ಎಲ್ಲಿಟ್ಟೆನೆಂದು ಹುಡುಕಲು ಮಾತ್ರ ನಾನೇ ಬೇಕಿತ್ತು.

"ಮೊದಲಿಂದ ಹೇಳು."

"ಗೋಡೆ ಪಕ್ಕ ಇಟ್ಟಿದ್ದೆ. ನಾನು ಕೂರೋ ಕಡೆ ಗುಂ ಅನ್ನೋದೇ ಇಲ್ಲ. ಇನ್ನೂ ಹೆಚ್ಚು ವಾಟ್ಸ್ ಇರೋದು ತಗೊಳ್ಳಿ ಅಂತಾನೆ ಅಂಗಡಿಯವನು. ಅತ್ತೆ ಮೊದಲ ದಿನವೇ 'ದಂಡದ ಡಬ್ಬ' ಅಂದ್ರು. ಈಗ ಸಂಜೆ ಬಂದ್ರೆ ನನ್ನ ಕುರ್ಚೀಲಿ ಡಬ್ಬ. ನಿನಗಿಲ್ಲಿ ಜಾಗ ಇಲ್ಲ ಅಂತ ತಾನೆ? ನಾಳೆ ವಾಪಸ್ ಕೊಡೋಕೆ ಕೊನೇ ದಿನ. ಕೊಟ್ಟುಬಿಡ್ತೀನಿ."

ಹದಿನಾರು ವರ್ಷದ ಸಂಸಾರದಲ್ಲಿ ಅವಳು ತನಗೆಂದೇ ತಂದುಕೊಂಡ ಮೊದಲ ವಸ್ತು ಅದು. ದಿನವಿಡೀ ಹೊಲಿಗೆ ಯಂತ್ರದ ಕಟಕಟ ಕೇಳಿದವಳಿಗೆ ಬೇಕಿದ್ದುದು ಒಂದು ಕುರ್ಚಿ, ಅರ್ಧ ಗಂಟೆ, ಎದೆಗೆ ತಾಗುವಂಥ ಮೃದಂಗದ ಸದ್ದು. ಅದನ್ನೂ ಅಣಕಿಸಿದರೆ ಯಾರಿಗಾದರೂ ನೋವಾಗುತ್ತದೆ.

"ಹಗಲು ಮನೇಲಿ ಯಾರಿರ್ತಾರೆ?"

"ನಮ್ಮೆಜಮಾನರು ಎರಡು ಗಂಟೆಗೆ ಬಸ್ ಓಡಿಸೋಕೆ ಹೋಗ್ತಾರೆ. ಕೇಳಿದ್ರೆ ಗೊತ್ತಿಲ್ಲ ಅಂತಾರೆ. ಆಮೇಲೆ ಅತ್ತೆ ಒಬ್ಬರೇ. ಅವರಿಗೆ ಮಂಡಿ ನೋವು, ಒಂದು ಬಕೆಟ್ ನೀರೂ ಎತ್ತಲ್ಲ."

"ಏನಾದ್ರೂ ಕಳೆದಿದೆಯಾ?"

"ಕೋಟಿನ ಭುಜದೊಳಗೆ ಇಡೋ ಮೆತ್ತೆ, ಒಂದು ಜೊತೆ. ಅದಿರಲಿ ಬಿಡಿ."

ಅತ್ತಿಗೆ ಆಗಲೇ ಚಪ್ಪಲಿ ಮೆಟ್ಟಿದ್ದರು.

ಮೇಲಿನ ಮನೆಯ ಹಜಾರದಲ್ಲಿ ಪೆಟ್ಟಿಗೆ ಕುರ್ಚಿಯ ಮೇಲೆ ಮದುಮಗನಂತೆ ಕುಳಿತಿತ್ತು. ಗೋಡೆಯ ಬುಡದುದ್ದಕ್ಕೂ ಟೈಲರ್ ಸೀಮೆಸುಣ್ಣದ ಗುರುತು: ಆರು ಕಡೆ ಅಡ್ಡಗೀಟು, ಮೂಲೆಯಲ್ಲಿ ಒಂದು ಸೊನ್ನೆ. ಅದು ಅತ್ತೆಯ ಆರಾಮಕುರ್ಚಿ ಇರುತ್ತಿದ್ದ ಮೂಲೆ. ಈಗ ಆ ಕುರ್ಚಿ ಅಡುಗೆಮನೆ ಬಾಗಿಲಿಗೆ ಸರಿದಿತ್ತು, ಅದರ ಮೇಲೆ ಪೆಟ್ಟಿಗೆಯ ಜೊತೆ ಬಂದಿದ್ದ ಕೈಪಿಡಿ. ಅತ್ತಿಗೆ ಆ ಅತ್ತೆಯ ಹಿಂದಿನಿಂದ ಮೆಲ್ಲಗೆ "ಚೆನ್ನಾಗಿದ್ದೀರಾ?" ಎಂದರು. ಬರಿಗಾಲಲ್ಲಿ ನಿಂತಿದ್ದ ಆ ಹಿರಿಯಾಕೆ ತಿರುಗಲೇ ಇಲ್ಲ.

ಮರುದಿನ ಬೆಳಿಗ್ಗೆ ಎಲ್ಲರೂ ಅಲ್ಲೇ ಸೇರಿದೆವು. ಟೈಲರ್ ಖಾಲಿ ರಟ್ಟಿನ ಡಬ್ಬವನ್ನು ಕಾಲ ಬಳಿಯೇ ಇಟ್ಟುಕೊಂಡಿದ್ದಳು.

"ಹದಿನೆಂಟು ಕಿಲೋ ಎತ್ತೋಕೆ ಈ ಮನೇಲಿ ಆಗೋದು ಒಬ್ಬರಿಗೇ," ಎಂದರು ಅತ್ತಿಗೆ.

ಡ್ರೈವರ್ ಚಾವಣಿ ನೋಡಿದ. "ಎತ್ತಿದ್ದು ನಾನು. ಎತ್ತು ಅಂದಿದ್ದು ನಾನಲ್ಲ."

"ಗೊತ್ತು. ಎರಡಕ್ಕೆ ನೀವು ಹೊರಟಮೇಲೆ ಇಳಿಸೋರಿಲ್ಲ, ಅದಕ್ಕೇ ಸಂಜೆಗೂ ಅಲ್ಲೇ. ಕೈಪಿಡಿ ಓದಿದ್ದು ಬೇರೊಬ್ಬರು. ದಪ್ಪ ಸದ್ದು ಕೋಣೇಲಿ ಒಂದು ಕಡೆ ಉಕ್ಕುತ್ತೆ, ಒಂದು ಕಡೆ ಇಂಗಿಹೋಗುತ್ತೆ. ಕೂರೋ ಜಾಗದಲ್ಲಿ ಪೆಟ್ಟಿಗೆ ಇಟ್ಟು, ನೆಲದ ಮೇಲೆ ಅಂಬೆಗಾಲಿಡುತ್ತಾ, ಎಲ್ಲಿ ಚೆನ್ನಾಗಿ ಕೇಳುತ್ತೋ ಹುಡುಕಬೇಕು. ಪೆಟ್ಟಿಗೆ ಅಲ್ಲಿಗೆ ಹೋದ್ರೆ ಸದ್ದು ಕುರ್ಚಿಗೆ ಬರುತ್ತೆ. ವಾಟ್ಸ್ ಬೇಕಾದಷ್ಟಿದೆ, ಜಾಗ ತಪ್ಪಿತ್ತು. ಅಂಬೆಗಾಲಿಟ್ಟವರಿಗೆ ಮಂಡಿ ನೋವು. ಹಾಗಾಗಿ ಮಂಡಿಗೆ ಭುಜದ ಮೆತ್ತೆ ಕಟ್ಟಿಕೊಂಡರು."

ಎಲ್ಲರ ಕಣ್ಣೂ ಅತ್ತೆಯ ಮೇಲೆ ಬಿತ್ತು.

"ಮೂವತ್ತು ವರ್ಷ ಮಗ್ಗದ ಗಿರಣೀಲಿ ಇದ್ದೋಳು," ಎಂದರು, ಅಷ್ಟು ಹೊತ್ತೂ ಅತ್ತಿಗೆಯ ತುಟಿಯನ್ನೇ ನೋಡುತ್ತಿದ್ದ ಅವರು. "ಕಿವಿ ಅಲ್ಲೇ ಹೋಯ್ತು. ಹಾಡು ಅಂದ್ರೆ ಬಾಯಿ ಆಡಿಸೋದು ಅಷ್ಟೇ ಆಗಿತ್ತು. ಆವತ್ತು ಅಡುಗೆಮನೆ ಹೊಸ್ತಿಲಲ್ಲಿ ನಿಂತಿದ್ದಾಗ ಅಂಗಾಲಿಗೆ ತಾಳ ಬಂತು. ಡಬ್ಬ ವಾಪಸ್ ಹೋಗಬಾರದು ಅನ್ನಿಸ್ತು. ದಂಡ ಅಂದ ಬಾಯಲ್ಲೇ ಹೇಗೆ ಹೇಳ್ಲಿ?"

"ಆ ಮೂಲೆ ನಿಮ್ಮದಲ್ವಾ, ಅತ್ತೆ?" ಟೈಲರಿನ ಧ್ವನಿ ಸಣ್ಣಗಾಗಿತ್ತು.

"ಗುರುತು ಅಲ್ಲೇ ಬಿತ್ತು. ನಾನೇನು ಮಾಡ್ಲಿ? ಎದ್ದೆ."

ಡ್ರೈವರ್ ಪೆಟ್ಟಿಗೆಯನ್ನು ಸೊನ್ನೆಯ ಮೇಲಿಟ್ಟು ಪ್ಲಗ್ ಸಿಕ್ಕಿಸಿದ. ಟೈಲರ್ ಕುರ್ಚಿಯಲ್ಲಿ ಕೂತಳು. ಮೃದಂಗದ ಮೊದಲ ಏಟಿಗೇ ಅವಳ ಕೈ ತಾನಾಗಿ ಎದೆಗೆ ಹೋಯಿತು. ಮರುಕ್ಷಣ ಎದ್ದು, ಆರಾಮಕುರ್ಚಿಯನ್ನು ದರದರನೆ ಎಳೆದು ತಂದು ತನ್ನ ಪಕ್ಕ ಹಾಕಿದಳು.

ಹಿರಿಯಾಕೆ ಕೂತು ಅಂಗಾಲುಗಳನ್ನು ನೆಲಕ್ಕೆ ಚೆನ್ನಾಗಿ ಊರಿದರು. ಸ್ವಲ್ಪ ಹೊತ್ತಿನ ಮೇಲೆ ಸೆರಗಿನೊಳಗಿಂದ ಎರಡು ಮೆತ್ತೆ ತೆಗೆದು ಸೊಸೆಯ ಮಡಿಲಿಗೆ ಹಾಕಿದರು.

"ತಗೋ. ಗಿರಾಕಿ ಕೋಟಿಗೆ ಮಾತ್ರ ಹಾಕಬೇಡ, ಮುಲಾಮಿನ ವಾಸನೆ ಹೊಡೀತದೆ."