ಸಾಲ್ಮಿ ರಸ್ತೆಯ ಜಪಮಾಲೆ

ಕುವೈತ್, 2006ರ ಫೆಬ್ರವರಿ, ಶುಕ್ರವಾರ ಮಧ್ಯಾಹ್ನ. ರಾನ್ಸನ್ ಠಾಣೆಗೆ ಬಂದು ದೂರು ಕೊಟ್ಟ. ಚರ್ಚಿನ ಗೆಳೆಯರೊಡನೆ ಮರಳುಗಾಡಿನ ಡೇರೆಯಲ್ಲಿ ಊಟಕ್ಕೆ ಕೂತಿದ್ದಾಗ, ಹೆದ್ದಾರಿ ಬದಿಯಲ್ಲಿ ನಿಲ್ಲಿಸಿದ್ದ ಅವನ ಹೊಸ ಕಾರಿಗೆ ಯಾರೋ ಬೆಂಕಿ ಇಟ್ಟಿದ್ದರು.

ದೂರು ದಾಖಲಿಸಿ ಇನ್ಸ್‌ಪೆಕ್ಟರ್ ಅಬ್ದುಲ್ ನಾಸಿರ್ ಹೊರಟ. ಸೌದಿ ಗಡಿಯವರೆಗೂ ನೇರ ಹೋಗುವ ಸಾಲ್ಮಿ ರಸ್ತೆಗೆ ಈ ತಿಂಗಳಲ್ಲಿ ಅಂದವೇ ಬೇರೆ: ಇಕ್ಕೆಲದಲ್ಲೂ ತೆಳು ಹಸಿರು, ಬಿಳಿ ಡೇರೆಗಳು, ಒಂಟೆಗಳು. ನಡುವೆ ಕರಕಲಾದ ಕಾರು ಕಂಡು ಅವನಿಗೆ ಸಿಟ್ಟೇ ಬಂತು.

ಪೇದೆಗಳು ಡೇರೆಯ ಕಾವಲುಗಾರ ಮಮ್ಮಾಲಿಯನ್ನು ಆಗಲೇ ಹಿಡಿದು ಕೂರಿಸಿದ್ದರು. ಅವನ ಕೈಯಲ್ಲಿ ಪೆಟ್ರೋಲ್ ವಾಸನೆ.

"ಜನರೇಟರಿಗೆ ಹಾಕಿದ್ದು ಸರ್. ನನ್ನನ್ನು ಊರಿಗೆ ಓಡಿಸಬೇಡಿ," ಎಂದು ಅವನು ಅತ್ತ. ಮಂಗಳೂರು ಕಡೆಯ ದುಭಾಷಿ ಅದನ್ನು ಅರಬಿಗೆ ತಿರುಗಿಸಿದ.

ಸ್ಥಳ ಪರಿಶೀಲನೆ ನಡೆಯಿತು. ಸ್ಟಿರಿಯೊ, ಜಾಕಿ, ಪಾನಾಗಳು ಎಲ್ಲವೂ ಬೂದಿಯಲ್ಲೇ ಇದ್ದವು.

"ಏನಾದರೂ ಕಾಣೆಯಾಗಿದೆಯೇ?" ನಾಸಿರ್ ಕೇಳಿದ.

"ಕನ್ನಡಿಗೆ ಕಟ್ಟಿದ್ದ ಜಪಮಾಲೆ ಸರ್. ಹಿತ್ತಾಳೆ ಶಿಲುಬೆ ಇತ್ತು," ಎಂದ ರಾನ್ಸನ್. "ಬೆನೆಡಿಕ್ಟಾಕ್ಕ ಕೊಟ್ಟದ್ದು. ನನ್ನನ್ನು ಕುವೈತಿಗೆ ಕರೆಸಿದ ಮೋರಿಸಣ್ಣನ ಹೆಂಡತಿ."

ಬೂದಿ ಜರಡಿ ಹಿಡಿದರೂ ಶಿಲುಬೆ ಸಿಗಲಿಲ್ಲ. ನಾಸಿರ್ ಮೀಸೆಯಡಿ ನಕ್ಕ. ಕಾರು ಸುಡಲು ಹೆದರದವನು ಶಿಲುಬೆ ಸುಡಲು ಹೆದರಿದ್ದಾನೆ! ಅಂಥವನು ಮಮ್ಮಾಲಿಯಲ್ಲ, ಆ ಮಾಲೆ ಹಿಡಿದು ಪ್ರಾರ್ಥಿಸುವವರ ಪೈಕಿಯವನೇ.

ಊಟಕ್ಕೆ ಬಂದವರ ಗಾಡಿಗಳನ್ನೆಲ್ಲ ಶೋಧಿಸಿದರು. ಮೋರಿಸನ ಹಳೆಯ ಪಿಕಪ್‌ನ ಸೀಟಿನಡಿ, ಕರವಸ್ತ್ರದಲ್ಲಿ ಜೋಪಾನವಾಗಿ ಸುತ್ತಿದ್ದ ಜಪಮಾಲೆ ಸಿಕ್ಕಿತು.

"ಇದು ಯಾರದು?"

ಮೋರಿಸ್ ತಲೆ ತಗ್ಗಿಸಿದ. ನಂತರ ಒಮ್ಮೆಗೇ ಸಿಡಿದ. "ರಾನ್ಸನ್‌ಗೆ ಡ್ರೈವಿಂಗ್ ಕಲಿಸಿದ್ದು ನಾನು. ಈಗ ಚರ್ಚಲ್ಲೂ ರಾನ್ಸನ್, ಮನೆಯಲ್ಲೂ ರಾನ್ಸನ್! ಅವನ ಕಾರಿಗೆ ಪಾದ್ರಿಗಳ ಆಶೀರ್ವಾದ ಆದ ದಿನವೇ ಇವಳು ಮಾಲೆ ಕಟ್ಟಿದಳು. ಹದಿನೆಂಟು ವರ್ಷದಿಂದ ನನ್ನ ಗಾಡಿಯ ಕನ್ನಡಿ ಬೋಳು. ನನಗೆ ಹೊಟ್ಟೆ ಉರಿಯಿತು ಸರ್."

"ಮಮ್ಮಾಲಿಯ ಕಣ್ಣೀರು ಕಾಣಲಿಲ್ಲವೇ?"

ಮೋರಿಸ್ ತಾನೇ ಮುಂದೆ ಬಂದ. ಅವನ ಕೈಗೆ ಕೋಳ ಬಿತ್ತು. ಮಮ್ಮಾಲಿಯನ್ನು ಅಲ್ಲೇ ಬಿಟ್ಟು ಕಳಿಸಿದರು.

ಮೋರಿಸನನ್ನು ಕೂರಿಸಿದ್ದ ಜೀಪಿನ ಬಳಿ ಬೆನೆಡಿಕ್ಟಾ ಬಂದಳು. "ಮದುವೆಯಾದ ವರ್ಷ ಇದನ್ನು ನಿಮ್ಮ ಗಾಡಿಗೇ ಕಟ್ಟಿದ್ದೆ," ಎಂದಳು. "ರಸ್ತೆ ಕಾಣುವುದಿಲ್ಲ, ತೆಗಿ ಅಂತ ನೀವೇ ಬಿಚ್ಚಿಸಿದ್ದು. ಮರೆತುಹೋಯ್ತಾ?"

ದುಭಾಷಿ ಅದನ್ನು ತಿರುಗಿಸಲು ಬಾಯಿ ತೆರೆದ. ಬೇಡವೆಂದು ನಾಸಿರ್ ಕೈ ಮಾಡಿದ. ಮೋರಿಸನ ಮುಖ ನೋಡಿದರೆ ಸಾಕಿತ್ತು.