ಒಂದು ಚಪಾತಿಯ ಪಂದ್ಯ

"ಊಟ ಜೋರಾಗಿತ್ತು ಅಂತ ಕಾಣುತ್ತೆ."

ಚಂದ್ರಮೌಳಿ ನನ್ನ ಬಗ್ಗೆ ಆಡಿದ ಮೊದಲ ಮಾತು ಇದು. ವಿಶಾಖಪಟ್ಟಣದ ನಮ್ಮ ಬ್ಯಾಂಕಿಗೆ ಹಾಸನದಿಂದ ವರ್ಗವಾಗಿ ಬಂದ ಹೊಸ ಆಫೀಸರ್. ನಾನು ಕೌಂಟರಿನಲ್ಲಿ ಯಾರದೋ ಪಾಸ್‌ಬುಕ್ಕಿನ ಮೇಲೆ ಕೆನ್ನೆಯಿಟ್ಟು ನಿದ್ದೆಹೋಗಿದ್ದೆ. ಕಣ್ಣು ಬಿಟ್ಟರೆ ಎದುರಿಗೇ ನಿಂತಿದ್ದ. ಈ ಊರಲ್ಲಿ ಕನ್ನಡ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯದಲ್ಲಿ ಗೊಣಗಿದ್ದ.

"ಒಂದು ಚಪಾತಿ, ನಾಲ್ಕು ಚೂರು ಸೌತೆಕಾಯಿ," ಎಂದೆ, ಕನ್ನಡದಲ್ಲೇ. "ನಿಮ್ಮನೆ ಗಂಟೇನೂ ಕರಗಿಲ್ಲ."

ಅವನ ಮುಖ ನೋಡಬೇಕಿತ್ತು. ಕಿವಿಯ ತುದಿಯವರೆಗೂ ಕೆಂಪೇರಿತು.

"ಸಾರಿ... ನೀವು ಕನ್ನಡದವರಾ?"

"ಅಮ್ಮ ತುಮಕೂರು, ಅಪ್ಪ ವಿಜಯವಾಡ. ಎರಡು ಭಾಷೇಲೂ ಬೈಯೋಕೆ ಬರುತ್ತೆ."

ಗಂಗಾಭವಾನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಬ್ರಾಂಚಿನಲ್ಲೆಲ್ಲ ನನ್ನ ಹೆಸರು ಹಾಳಾಗಿತ್ತು. ಆಗಲಿ ಬಿಡಿ. ಸಿಟ್ಟು ಬಂದರೆ ನಾನು ನೆಟ್ಟಗೆ ನಿಂತಿರುತ್ತೇನೆ. ಮನಸಾರೆ ನಕ್ಕರೆ ಮಾತ್ರ ಮಂಡಿ ಕಳಚಿ ನೆಲಕ್ಕೆ ಕುಸಿಯುತ್ತೇನೆ. ಅದೂ ನನ್ನ ಕಾಯಿಲೆಯ ಒಂದು ಭಾಗ. ಹಾಗಾಗಿ ಯಾರಾದರೂ ಜೋಕು ಹೇಳಲು ಬಾಯಿ ತೆರೆದರೆ ಸಾಕು, ಮೊದಲೇ ಜಗಳ ತೆಗೆಯುತ್ತಿದ್ದೆ.

ಡಿಗ್ರಿ ಮುಗಿದ ವರ್ಷ ಇದೆಲ್ಲ ಶುರುವಾದದ್ದು. ಬಸ್ಸಿನಲ್ಲಿ ನಿದ್ದೆ, ಮಾತಿನ ನಡುವೆ ನಿದ್ದೆ, ತುತ್ತು ಕೈಯಲ್ಲಿದ್ದಂತೆಯೇ ನಿದ್ದೆ. ಅದೇ ವರ್ಷ ಮೈಯೂ ಬಂತು, ರವಿಕೆಗಳನ್ನೆಲ್ಲ ಬಿಚ್ಚಿ ಹೊಲಿಸಬೇಕಾಯಿತು. ಕೊನೆಗೊಬ್ಬ ನರರೋಗದ ಡಾಕ್ಟರು ನಾರ್ಕೊಲೆಪ್ಸಿ ಎಂದು ಹೆಸರು ಹೇಳಿದರು. "ಮಿದುಳಲ್ಲಿ ನಿದ್ದೆ ನೋಡ್ಕೊಳ್ಳೋ ಜಾಗದ ಹತ್ತಿರವೇ ಹಸಿವೆಯ ಕಾರುಬಾರೂ ಇರುತ್ತೆ. ಈ ಕಾಯಿಲೆ ಇರೋರು ಬಹಳ ಜನ ದಪ್ಪ ಆಗ್ತಾರೆ, ಜಾಸ್ತಿ ತಿನ್ನದಿದ್ರೂ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ ತಲ್ಲೀ. ನಿನ್ನ ತಪ್ಪಲ್ಲ," ಎಂದರು.

ಮನೆಯವರ ಕಿವಿಗೆ ಬಿದ್ದದ್ದು 'ದಪ್ಪ' ಎಂಬ ಪದ ಮಾತ್ರ. ವಿಶಾಖಪಟ್ಟಣದಲ್ಲಿ ನಾನಿದ್ದದ್ದು ಸೂರ್ಯಕಾಂತಮ್ಮ ದೊಡ್ಡಮ್ಮನ ಮನೆಯಲ್ಲಿ. ಅವರು ತಿಂಡಿಯ ಬೀರುವಿಗೆ ಬೀಗ ಜಡಿದು ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ತಿನ್ನೋದು, ಮಲಗೋದು! ಹಾಗಾದ್ರೆ ಮೈ ಬರದೆ ಇನ್ನೇನು ಬರುತ್ತೆ ಅಮ್ಮಾಯ್?" ಎಂದರು. ಬೆಳಿಗ್ಗೆ ಒಂದು ಇಡ್ಲಿ, ಮಧ್ಯಾಹ್ನ ಒಂದು ಚಪಾತಿ, ರಾತ್ರಿ ರಾಗಿ ಅಂಬಲಿ. ಅನ್ನದ ಮುಖ ನೋಡಿ ಯುಗವಾಗಿತ್ತು. ಆದರೂ ಬೀದಿಯಲ್ಲಿ ಹೋದರೆ ಹಿಂದಿನಿಂದ, "ಏನು ತಿಂತಾಳಪ್ಪಾ ಇವಳು!" ಎಂಬ ಮಾತು.

ಚಂದ್ರಮೌಳಿ ಮಾತ್ರ ಬೈಸಿಕೊಂಡಷ್ಟೂ ಹತ್ತಿರ ಬಂದ. ಕಾಯಿಲೆಯ ಹೆಸರು, ನನ್ನ ಊಟದ ಲೆಕ್ಕ, ಎಲ್ಲವನ್ನೂ ಅವನಿಗೆ ಹೇಳಿದ್ದೆ. ನಾನು ತೂಕಡಿಸಿದರೆ ನನ್ನ ಕೌಂಟರಿನ ಸಾಲನ್ನು ತನ್ನ ಟೇಬಲ್ಲಿಗೆ ಕರೆದುಕೊಳ್ಳುತ್ತಿದ್ದ. ಎಚ್ಚರವಾದಾಗ ಕನ್ನಡಕದ ಮೇಲಿನಿಂದ ಒಂದು ನೋಟ, ತುಟಿಯ ಮೂಲೆಯಲ್ಲಿ ಒಂದಿಷ್ಟು ತುಂಟತನ.

"ಏನ್ರೀ ನೋಡ್ತೀರಾ?"

"ಬೈಗುಳ ಯಾವಾಗ ಶುರುವಾಗುತ್ತೆ ಅಂತ ಕಾಯ್ತಿದೀನಿ."

ದಸರಾ ಮುಗಿದ ಮೇಲೆ ಒಂದು ಭಾನುವಾರ ಭೀಮುನಿಪಟ್ಟಣದ ಸಮುದ್ರಕ್ಕೆ ಹೋದೆವು. ನಮ್ಮ ಮ್ಯಾನೇಜರು ಕನ್ನಡ ಮಾತಾಡಿದರೆ ಹೇಗಿರುತ್ತದೆಂದು ಅವನು ತೋರಿಸಿದ. ನಾನು ಸಿಟ್ಟು ಮಾಡಿಕೊಳ್ಳಲು ಎಷ್ಟು ಒದ್ದಾಡಿದರೂ ನಗು ಬಂದೇಬಿಟ್ಟಿತು. ಮರಳ ಮೇಲೆ ಕುಸಿದೆ. ಅವನು ಗಾಬರಿಯಿಂದ ನನ್ನ ತೋಳು ಹಿಡಿದು ಎಳೆದಾಡಿದ.

ಕೈಕಾಲಿಗೆ ಜೀವ ಬಂದ ಮೇಲೆ ಸರಿಯಾಗಿ ಬೈದೆ. "ಎಳೀಬೇಡಿ! ನಂಗೆ ಎಲ್ಲಾ ಕೇಳಿಸ್ತಿರುತ್ತೆ, ನಾಲಿಗೆ ಮಾತ್ರ ಏಳಲ್ಲ. ಸುಮ್ನೆ ಪಕ್ಕದಲ್ಲಿ ಕೂತಿರಿ, ತಾನಾಗೇ ಸರಿಹೋಗುತ್ತೆ."

ಅವನು ಪಕ್ಕದಲ್ಲಿ ಕೂತ. ಮರಳಿನಲ್ಲಿ ಗೆರೆ ಎಳೆಯುತ್ತಾ, "ಜೀವನಪೂರ್ತಿ ಕೂತಿರ್ತೀನಿ, ಆಗಬಹುದಾ?" ಎಂದ.

ಹೂಂ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಆ ಪುಣ್ಯಾತ್ಮ ಮುಂದುವರಿಸಿದ.

"ಮದುವೆ ಆದ್ಮೇಲೆ ನಾನೇ ನೋಡ್ಕೋತೀನಿ. ಬೆಳಿಗ್ಗೆ ವಾಕಿಂಗ್, ಸ್ವಲ್ಪ ಬಾಯಿ ಕಟ್ಟಿದ್ರೆ ತೂಕಾನೂ ಇಳಿಯುತ್ತೆ, ನಿದ್ದೇನೂ ಹೋಗುತ್ತೆ. ನಿಮಗೇ ಗೊತ್ತಿಲ್ದೆ ಎಲ್ಲೋ ತಿಂತಿರಬಹುದು ಅಲ್ವಾ?"

ಅಯ್ಯೋ ದೇವರೇ, ಇವನೂನಾ!

ಮೈಯೆಲ್ಲಾ ಉರಿದುಹೋಯಿತು. ಊರವರು ಅಂದಾಗ ಹೀಗೆ ಉರಿದಿರಲಿಲ್ಲ. ನನ್ನ ಮಾತನ್ನು ನಂಬುವ ಒಬ್ಬನೇ ಒಬ್ಬ ಸಿಕ್ಕಿದ ಎಂದುಕೊಂಡಿದ್ದೆ. ಆ ಒಬ್ಬನೂ ನನ್ನ ಬಾಯಿಯ ಮೇಲೆ ಕಾವಲು ಕೂರಲು ಬಂದಿದ್ದ.

"ನಾಳೆಯಿಂದ ನಾನು ತಿಂದಷ್ಟೇ ನೀವೂ ತಿನ್ನಿ," ಎಂದೆ. "ಸಂಕ್ರಾಂತಿವರೆಗೆ. ಅಲ್ಲೀವರೆಗೆ ಮದುವೆ ಮಾತು ಎತ್ತಿದ್ರೆ ನೋಡಿ!"

"ಅಷ್ಟೇನಾ? ಸುಲಭ," ಎಂದ ಜಂಬದಿಂದ. ಆ ಸಂಜೆಯೇ ಸ್ಟೇಷನ್ನಿನ ತೂಕದ ಯಂತ್ರದ ಮೇಲೆ ಇಬ್ಬರೂ ನಿಂತು, ರಟ್ಟಿನ ಚೀಟಿಗಳನ್ನು ತೆಗೆದಿಟ್ಟುಕೊಂಡೆವು.

ಮಧ್ಯಾಹ್ನ ನನ್ನ ಡಬ್ಬಿಯಲ್ಲಿ ಒಂದು ಚಪಾತಿ, ಅವನ ಡಬ್ಬಿಯಲ್ಲೂ ಒಂದು. ಮೊದಲ ವಾರ ನಗುತ್ತಾ ತಿಂದ. ಆಮೇಲೆ ಅವನ ನಗು ಎಲ್ಲೋ ಹೋಯಿತು. ಪ್ಯೂನು ಆವಕಾಯಿ ಉಪ್ಪಿನಕಾಯಿ ಹಾಕಿ ಅನ್ನ ಕಲಸಿದರೆ ಫೈಲು ಬಿಟ್ಟು ಅದನ್ನೇ ನೋಡುತ್ತಿದ್ದ. ಸುಮ್ಮಸುಮ್ಮನೆ ಗ್ರಾಹಕರ ಮೇಲೆ ರೇಗುತ್ತಿದ್ದ. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡ. ಪಾಪ ಅನಿಸಿತು, ಆದರೆ ನನಗೆ ಯಾರು ಪಾಪ ಅಂದಿದ್ದರು?

ಸಂಕ್ರಾಂತಿಗೆ ಊರಿಗೆ ಹೊರಟಾಗ ಹೆಣ್ಣು ಕೇಳಲೆಂದು ಅವನೂ ಜೊತೆಗೆ ಬಂದ. ವಿಜಯವಾಡದ ಪ್ಲಾಟ್‌ಫಾರ್ಮಿನಲ್ಲೇ ಪಂದ್ಯ ತೀರ್ಮಾನವಾಯಿತು. ತೂಕದ ಯಂತ್ರ ಬಣ್ಣದ ದೀಪಗಳನ್ನು ಗಿರ್ರನೆ ತಿರುಗಿಸಿ ಚೀಟಿ ಉಗುಳಿತು. ಅವನು ಒಂಬತ್ತು ಕಿಲೋ ಇಳಿದಿದ್ದ. ನಾನು ಇದ್ದಲ್ಲೇ ಇದ್ದೆ.

ಎರಡೂ ಚೀಟಿಗಳನ್ನು ಹಳೆಯ ಚೀಟಿಗಳ ಪಕ್ಕಕ್ಕಿಟ್ಟು ನೋಡಿದ. "ಇಷ್ಟು ವರ್ಷ ಹೀಗೇ ಇದ್ರಾ? ಈ ಹಸಿವಲ್ಲಿ?" ಎಂದ. ಅವನ ಕಣ್ಣು ತುಂಬಿತ್ತು. ನಾನು ಪೆಟ್ಟಿಗೆ ಎತ್ತಿಕೊಂಡು ಮುಂದೆ ನಡೆದೆ. ಗೆದ್ದಿದ್ದರೂ ಸಿಟ್ಟು ಇಳಿದಿರಲಿಲ್ಲ.

ಮನೆಯಲ್ಲಿ ಅಮ್ಮ ಹಬ್ಬದಡುಗೆಗೆ ಪುಳಿಹೋರ, ಬೊಬ್ಬಟ್ಟು ಮಾಡಿದ್ದಳು. ಅಪ್ಪ ದಕ್ಷಿಣಾಮೂರ್ತಿ ಅವನನ್ನು ಎಲೆಯ ಮುಂದೆ ಕೂರಿಸಿ ಉಪಚಾರ ಮಾಡಿದರು. "ಸಂಬಂಧ ನಮಗೆ ಒಪ್ಪಿಗೆ ಬಾಬೂ. ಆದ್ರೆ ಅಮ್ಮಾಯಿ ಒಂದು ಹತ್ತು ಕೇಜಿ ತಗ್ಗಲಿ, ಆಮೇಲೆ ಮುಹೂರ್ತ ಇಡೋಣ. ನಾಲ್ಕು ಜನ ನೋಡ್ತಾರಲ್ಲ, ಏನಂತೀರಿ?"

ನನ್ನ ಎಲೆ ಅಲ್ಲಿರಲಿಲ್ಲ. ನನ್ನ ಚಪಾತಿ ಅಡುಗೆಮನೆಯ ತಟ್ಟೆಯಲ್ಲಿತ್ತು. ಬಾಗಿಲ ಬಳಿ ನಿಂತು ಅವನನ್ನೇ ನೋಡಿದೆ. ಈಗ ಇವನು ಹೂಂ ಅಂದರೆ ಎಲ್ಲವೂ ಇಲ್ಲಿಗೇ ಮುಗಿಯಿತು.

ಚಂದ್ರಮೌಳಿ ತುಪ್ಪದ ಅನ್ನವನ್ನು ನೋಡಿದ. ಎಂಜಲು ನುಂಗಿದ. ಆಮೇಲೆ ಎಲೆ ಬಿಟ್ಟು ದಡಕ್ಕನೆ ಎದ್ದ.

"ಮೊದಲು ಇವರಿಗೆ ಎಲೆ ಹಾಕಿ!" ಎಂದು ಗುಡುಗಿದ. "ಅನ್ನ ಬಡಿಸಿ, ತುಪ್ಪ ಬಡಿಸಿ! ಇವರು ತಿಂದಷ್ಟೇ ತಿಂದು ನಾನು ಕಡ್ಡಿಯಾದೆ, ನೋಡಿ ಸಾರ್! ಇದು ಬಾಯಿ ಚಪಲ ಅಲ್ಲ, ಕಾಯಿಲೆ! ತಗ್ಗೋದೂ ಬೇಡ, ಬಗ್ಗೋದೂ ಬೇಡ, ಹೀಗೇ ಮದುವೆ ಮಾಡ್ಕೋತೀನಿ! ಇವರಿಗೆ ಅನ್ನ ಹಾಕದ ಮನೇಲಿ ನಾನು ನೀರೂ ಮುಟ್ಟಲ್ಲ!"

ಮಾತು ಭರ್ಜರಿಯಾಗಿತ್ತು. ಆದರೆ ಬೆಲ್ಟಿನ ಹೊಸ ತೂತೂ ಸಾಲದೆ, ಅವನು ಎದ್ದ ರಭಸಕ್ಕೆ ಪ್ಯಾಂಟು ಸೊಂಟದಿಂದ ಜಾರತೊಡಗಿತ್ತು. ಒಂದು ಕೈಯಲ್ಲಿ ಅದನ್ನು ಎಳೆದುಕೊಳ್ಳುತ್ತಾ, ಇನ್ನೊಂದು ಕೈಯಲ್ಲಿ ನಮ್ಮಪ್ಪನಿಗೆ ಬೆರಳು ತೋರಿಸುತ್ತಿದ್ದ.

ನನಗೆ ನಗು ಬಂತು. ವರ್ಷಗಳಿಂದ ತಡೆದಿಟ್ಟ ನಗು. ಬಾಗಿಲ ಚೌಕಟ್ಟು ಹಿಡಿದುಕೊಂಡರೂ ಪ್ರಯೋಜನವಾಗಲಿಲ್ಲ, ಹಾಗೇ ನೆಲಕ್ಕೆ ಜಾರಿದೆ. ಅಮ್ಮ ಅಯ್ಯಯ್ಯೋ ಎಂದು ಓಡಿಬಂದಳು.

"ಎತ್ತಬೇಡಿ," ಎಂದ ಅವನು. ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕುಳಿತ.

ನನಗೆ ಎಲ್ಲವೂ ಕೇಳಿಸುತ್ತಿತ್ತು. ಅಪ್ಪ ಸಣ್ಣ ದನಿಯಲ್ಲಿ, "ಇನ್ನೊಂದು ಎಲೆ ಹಾಕು," ಎಂದದ್ದೂ ಕೇಳಿಸಿತು.

"ಈಗ ನಿಮಗೆ ನನ್ನ ಬೈಯೋಕಾಗಲ್ಲ," ಎಂದು ಚಂದ್ರಮೌಳಿ ನನ್ನ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದ. "ಅದಕ್ಕೇ ಈಗಲೇ ಹೇಳಿಬಿಡ್ತೀನಿ. ತಪ್ಪಾಯ್ತು ಭವಾನಿ. ನಿಮ್ಮನ್ನ ನಂಬಬೇಕಿತ್ತು, ಪಂದ್ಯ ಕಟ್ಟಬಾರದಿತ್ತು. ನೀವಂದ್ರೆ ನಂಗೆ ಪ್ರಾಣ. ಇಡೀ ಜನ್ಮ ಬೈಸ್ಕೋತೀನಿ, ಒಪ್ಕೊಳ್ಳಿ."

ಮೊದಲು ಬೆರಳಿಗೆ ಜೀವ ಬಂತು. ಅವನ ಅಂಗಿಯ ತೋಳನ್ನು ಹಿಡಿದೆ. ಆಮೇಲೆ ನಾಲಿಗೆ ಎದ್ದಿತು.

"ಪಂದ್ಯ ಕಟ್ಟಿದ್ದು ನಾನು ಕಣ್ರೀ ಪೆದ್ದೂ," ಎಂದೆ. "ಎದ್ದೇಳಿ, ಅನ್ನ ಆರುತ್ತೆ."