ಶನಿವಾರದ ಅರ್ಧ ಕಿಲೋ ಮೆಗ್ನೀಸಿಯಂ

"ಎಷ್ಟು ಅಡಿಕೆ ಮರ ಉಂಟು ನಿಮಗೆ?"

"ಮರ ಇಲ್ಲ."

"ಮತ್ತೆ ಮೆಗ್ನೀಸಿಯಂ ಸಲ್ಫೇಟ್ ಯಾರಿಗೆ? ನಿಮಗೆ ಕುಡೀಲಿಕ್ಕಾ?"

"ಹವಳಕ್ಕೆ!"

ಷಿಜಿ ಥಟ್ಟನೆ ತಲೆಯೆತ್ತಿದಳು. ನೆಲ್ಯಾಡಿಯ ಅವಳ ಗೊಬ್ಬರದ ಅಂಗಡಿಯಲ್ಲಿ ಇಂಥ ಉತ್ತರ ಯಾರೂ ಕೊಟ್ಟಿರಲಿಲ್ಲ. ತಮಾಷೆಯಾ?

ತಮಾಷೆಯಲ್ಲ. ದುಬೈಯ ಅಕ್ವೇರಿಯಂ ಅಂಗಡಿಯ ಕೆಲಸ ಬಿಟ್ಟು ಬಂದಿದ್ದ ಎಬಿ, ಕಡಬದಲ್ಲಿ ತನ್ನದೇ ಒಂದು ತೆರೆಯಲು ಹೊರಟಿದ್ದ. ಅದಕ್ಕೆಂದೇ ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟು ಜೀವಂತ ಹವಳ ಬೆಳೆಸುತ್ತಿದ್ದ. ಹವಳಕ್ಕೆ ಮೆಗ್ನೀಸಿಯಂ ಬೇಕು. ಅಕ್ವೇರಿಯಂನವರ ಬಾಟಲಿಗೆ ಕೈ ಹಾಕಿದರೆ ಜೇಬು ಸುಡುತ್ತದೆ, ಗೊಬ್ಬರದ ಅಂಗಡಿಯದ್ದು ಅಗ್ಗ!

"ಚೀಲವೇ ತಗೊಳ್ಳಿ, ಸೀಲ್ ಉಂಟು," ಎಂದರು ಷಿಜಿಯ ಪಪ್ಪ ಉಲಹನ್ನಾನ್.

"ಬೇಡ ಚೇಟ್ಟ, ಅರ್ಧ ಕಿಲೋ ಸಾಕು."

ಹೇಳುವಾಗ ಅವನ ಕಣ್ಣು ಷಿಜಿಯ ಮೇಲಿತ್ತು. ಷಿಜಿಯ ಕಣ್ಣು ತಕ್ಕಡಿಯ ಮೇಲಿತ್ತು. 'ಎಂಥಾ ಜಿಪುಣ!' ಅಂದುಕೊಂಡಳು.

ಜಿಪುಣ ಪ್ರತಿ ಶನಿವಾರ ಬಂದ. ಅರ್ಧರ್ಧ ಕಿಲೋ ಒಯ್ದ. ಮೊಬೈಲಿನಲ್ಲಿ ಹವಳ ತೋರಿಸಿದ. ಒಂದು ಶನಿವಾರ ತಡವಾದಾಗ, ಬಂದ ಗಿರಾಕಿಗಳ ಮೇಲೆಲ್ಲ ಷಿಜಿ ಸಿಡಿದಳು. ಯಾಕೆಂದು ಅವಳಿಗೇ ಗೊತ್ತಾಗಲಿಲ್ಲ... ಗೊತ್ತಾದಾಗ ಕೆನ್ನೆ ಬಿಸಿಯಾಯಿತು.

ಆಮೇಲೊಮ್ಮೆ ಅವನು ಮಂಗಳವಾರ ಬಂದ.

"ಎಂತ ಕೊಟ್ಟದ್ದು ನೀವು ನನಗೆ?" ಪೊಟ್ಟಣವನ್ನು ಮೇಜಿಗೆ ಬಡಿದ. "ಟ್ಯಾಂಕಿನ ಸಿಗಡಿ ಪೂರಾ ಸತ್ತುಹೋಯ್ತು! ಹವಳ ಮುದುಡಿ ಹೋಗಿ ಉಂಟು! ನೀರಲ್ಲಿ ತಾಮ್ರ ಉಂಟು, ಪರೀಕ್ಷೆ ಮಾಡಿದೆ. ಕಲಬೆರಕೆ ಮಾಲು!"

"ಕಲಬೆರಕೆಯಾ? ಅಡಿಕೆ ಮರಕ್ಕೆ ಹಾಕುದನ್ನು ಹವಳಕ್ಕೆ ಹಾಕಿ ಅಂತ ನಾನು ಹೇಳಿದ್ದಾ? ಅಷ್ಟು ಕಾಳಜಿ ಇದ್ರೆ ಬಾಟಲಿಯದ್ದೇ ತರ್ಬೇಕಿತ್ತು!"

ಇಬ್ಬರ ಮನೆಮಾತೂ ಮಲಯಾಳ. ಆದರೆ ಜಗಳಕ್ಕೆ ಮಾತ್ರ ಕನ್ನಡವೇ ಬೇಕಾಯಿತು ನೋಡಿ!

"ಇನ್ನು ಈ ಅಂಗಡಿ ಮೆಟ್ಟಿಲು ಹತ್ತುದಿಲ್ಲ," ಎಂದು ಅವನು ಹೊರಟೇಬಿಟ್ಟ.

'ನಾನು ಮೋಸ ಮಾಡುವವಳಾ? ಛೇ!' ಷಿಜಿಗೆ ಅಳು, ಸಿಟ್ಟು ಒಟ್ಟಿಗೇ ಬಂತು. ಅಷ್ಟರಲ್ಲಿ ಯಾರೋ ಮೈಲುತುತ್ತು ಕೇಳಿದರು. ಅಡಿಕೆಗೆ ಮದ್ದು ಬಿಡುವ ಕಾಲ. ತಾಮ್ರದ ಆ ನೀಲಿ ಹರಳು ಕಬ್ಬಿಣವನ್ನು ತಿಂದುಹಾಕುತ್ತದೆಂದು ಅಂಗಡಿಯಲ್ಲಿ ಅದನ್ನು ತೆಂಗಿನ ಗೆರಟೆಯಲ್ಲೇ ಮೊಗೆಯುವುದು.

ಗೆರಟೆ ಹಿಡಿದ ಕೈ ಅಲ್ಲೇ ನಿಂತಿತು. ಅದರ ಒಳಮೈಯೆಲ್ಲ ನೀಲಿ! ಶನಿವಾರದ ಗಡಿಬಿಡಿಯಲ್ಲಿ ಇದೇ ಗೆರಟೆಯನ್ನು ಮೆಗ್ನೀಸಿಯಂ ಚೀಲಕ್ಕೂ ಹಾಕಿದ್ದಳು... ಅಯ್ಯೋ ದೇವರೇ!

ನೀರು ಕೆಟ್ಟರೆ ಹೊಸ ಕಡಲ ನೀರು ತುಂಬಿ ಉಳಿದದ್ದನ್ನು ಬದುಕಿಸಬಹುದೆಂದು ಅವನೇ ಒಮ್ಮೆ ಹೇಳಿದ್ದ. ಷಿಜಿ ಪಿಕಪ್ಪಿನ ಕೀಲಿ ತೆಗೆದುಕೊಂಡಳು.

ಸಂಜೆ ಎಬಿ ಬಾಗಿಲು ತೆರೆದರೆ, ಅಂಗಳದಲ್ಲಿ ಪಿಕಪ್ ತುಂಬ ಕ್ಯಾನುಗಳು. ಷಿಜಿಯ ಚೂಡಿದಾರ ಮೊಣಕಾಲವರೆಗೆ ಒದ್ದೆ.

"ಮಂಗಳೂರಿನ ಕಡಲ ನೀರು. ಹೊಸ ಕ್ಯಾನ್, ರಬ್ಬರ್ ಹಾಲು ತುಂಬಿದ್ದಲ್ಲ," ಎಂದಳು ಒಂದೇ ಉಸಿರಿಗೆ. "ತಪ್ಪು ನಂದೇ. ಮೈಲುತುತ್ತಿನ ಗೆರಟೆ ಹಾಕಿದೆ. ಕಲಬೆರಕೆ ಅಲ್ಲ... ಆದ್ರೆ ತಪ್ಪು ನಂದೇ."

ಅವನು ಒಂದು ಕ್ಯಾನು ಎತ್ತಿ ಒಳಗೆ ಒಯ್ದ. ಇಬ್ಬರೂ ಸೇರಿ ಹಳೆಯ ನೀರು ತೆಗೆದು ಹೊಸದು ತುಂಬಿದರು. ಮುದುಡಿದ್ದ ಹವಳ ಹಾಗೇ ಇತ್ತು. ಷಿಜಿಯ ಕಣ್ಣು ತುಂಬಿತು.

"ಸೀಲ್ ಇದ್ದ ಚೀಲ ತಗೊಂಡಿದ್ರೆ ಹೀಗಾಗ್ತಿರ್ಲಿಲ್ಲ. ಪಪ್ಪ ಹೇಳಿದ್ರಲ್ಲ? ಯಾಕೆ ತಗೊಳ್ಳಿಲ್ಲ?"

"ಚೀಲ ತಗೊಂಡ್ರೆ ಒಂದು ವರ್ಷಕ್ಕೆ ಸಾಕು ಷಿಜಿ... ಮತ್ತೆ ಶನಿವಾರ ಬರುದು ಹೇಗೆ?"

ಷಿಜಿ ಥಟ್ಟನೆ ಅವನತ್ತ ತಿರುಗಿದಳು. ಎದೆಯೊಳಗಿನ ಸಿಟ್ಟೆಲ್ಲ ಎಲ್ಲಿ ಹೋಯಿತು?

"ಅದನ್ನು ಬಾಯಿಬಿಟ್ಟು ಹೇಳ್ಲಿಕ್ಕೆ ಆಗ್ಲಿಲ್ವಾ ಮಾರಾಯ್ರೆ? ಪಾಪ, ಆ ಸಿಗಡಿಗಳು!"

"ಈಗ ಹೇಳ್ತೇನೆ. ನೀವಂದ್ರೆ ನನಗೆ ಜೀವ. ಬೆಳಿಗ್ಗೆ ಬೈದದ್ದಕ್ಕೆ ಕ್ಷಮಿಸಿ."

ಟ್ಯಾಂಕಿನ ಮೂಲೆಯಲ್ಲಿ ಹವಳದ ಒಂದು ತುದಿ ಮೆಲ್ಲಗೆ ಬಿಚ್ಚಿಕೊಂಡಿತು. ಇಬ್ಬರೂ ಬಗ್ಗಿ ನೋಡಿದರು. ಭುಜಕ್ಕೆ ಭುಜ ತಾಗಿತು, ಯಾರೂ ಸರಿಯಲಿಲ್ಲ.

"ಶನಿವಾರ ಬರ್ಲಾ?" ಎಂದ ಎಬಿ.

"ಶನಿವಾರ ಬೇಡ," ಎಂದಳು ಷಿಜಿ, ಕಣ್ಣೊರೆಸಿಕೊಂಡು. "ಭಾನುವಾರ ಬನ್ನಿ. ಅಂಗಡಿಗಲ್ಲ... ಮನೆಗೆ."